ಮಂಜಿನಲ್ಲಿ ಓಗೊಡದ ಸುಮ್ಮನಣ್ಣ

"ಹಲೋ! ಯಾರಾದ್ರೂ ಇದ್ದೀರಾ?"

ಬೆಳಗಿನ ಐದೂಕಾಲು. ಸರೋವರದ ದಂಡೆಯ ಹಳೇ ಪೇಟೆಯಲ್ಲಿ ಕೊನೆಯ ಬಾರು ಬಾಗಿಲೆಳೆದು ಒಂದು ಗಂಟೆಯ ಮೇಲಾಗಿದೆ. ನೀರಿನಿಂದ ಎದ್ದ ಮಂಜು ಗಲ್ಲಿಗಳ ಒಳಕ್ಕೆ ಬಂದು ಕೂತಿದೆ. ಚಾಚಿದ ಕೈಯ ಬೆರಳು ತನಗೇ ಕಾಣದಷ್ಟು ದಟ್ಟ. ಆ ಬಿಳುಪಿನೊಳಗಿಂದ ಯಾರೋ ಕೂಗುತ್ತಿದ್ದಾರೆ. ಕೂಗು ಮೊದಲು ಎಡಗಡೆಯ ಗೋಡೆಯಿಂದ ಬಂದಂತಿರುತ್ತದೆ, ಮರುಗಳಿಗೆ ಬಲಗಡೆಯಿಂದ, ಆಮೇಲೆ ತಲೆಯ ಮೇಲಿನಿಂದ. ಅಲ್ಲಿಂದ ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿ, ಅರವತ್ತರ ಗಡಿಯಲ್ಲಿರುವ ಒಬ್ಬರು ಗೋಡೆಗೆ ಕೈಯಾನಿಸಿ ನಿಂತಿದ್ದಾರೆ. ಅವರಿಗೆ ಆ ಕೂಗು ಚೆನ್ನಾಗಿ ಕೇಳಿದೆ. ಆದರೂ ಅವರು ತುಟಿ ಬಿಚ್ಚುವುದಿಲ್ಲ.

ಅವರ ಮೊಣಕಾಲಿನ ಕೆಳಗೆ ಬಟ್ಟೆಪಟ್ಟಿಯಲ್ಲಿ ಕಟ್ಟಿದ ಸಣ್ಣ ಟಾರ್ಚಿದೆ. ಅದರ ಬೆಳಕು ಅವರ ಎರಡು ಪಾದಗಳನ್ನು ಬಿಟ್ಟರೆ ಬೇರೇನನ್ನೂ ತೋರಿಸುವುದಿಲ್ಲ. ಸೊಂಟದಲ್ಲಿ ನೂಲಿನ ಹಗ್ಗ. ಹಗ್ಗದ ಇನ್ನೊಂದು ತುದಿ ಹತ್ತು ಮಾರು ಹಿಂದೆ, ಮಂಜಿನಲ್ಲಿ ಮರೆಯಾಗಿರುವ ಅವರ ಹೆಂಡತಿಯ ಸೊಂಟದಲ್ಲಿ. "ಹಲೋ" ಎನ್ನುವ ದನಿ ಇನ್ನೊಮ್ಮೆ ಬರುತ್ತದೆ, ಈಗ ಅದರಲ್ಲಿ ಅಳು ಸೇರಿಕೊಂಡಿದೆ. ಹಗ್ಗ ಮೂರು ಸಲ ಜಗ್ಗುತ್ತದೆ. ಎರಡು ಅಂದರೆ ಎಡಕ್ಕೆ, ಮೂರು ಅಂದರೆ ಬಲಕ್ಕೆ. ಅವರು ಬಲಕ್ಕೆ ತಿರುಗಿ, ಸದ್ದಿಲ್ಲದೆ, ಒಂದೊಂದೇ ಹೆಜ್ಜೆ ಊರುತ್ತಾ ಹೋಗುತ್ತಾರೆ.

ಗಲ್ಲಿಯ ತಿರುವಿನಲ್ಲಿ ಕೋಟು ತೊಟ್ಟ ಇಬ್ಬರು ದೀಪದ ಕಂಬವನ್ನು ತಬ್ಬಿಕೊಂಡು ನಿಂತಿದ್ದಾರೆ. ಒಬ್ಬನ ಕಣ್ಣು ನೆಲದ ಕಡೆ ಹೋಗುತ್ತದೆ. "ಕಾಲು! ಬರೀ ಕಾಲು ಬರ್ತಿದೆ ಕಣೋ!" ಅಂತ ಅವನು ಕಿರುಚಿದ ಕಿರುಚಿಗೆ ಇನ್ನೊಬ್ಬನ ಅಮಲೆಲ್ಲ ಒಂದೇ ಏಟಿಗೆ ಇಳಿಯುತ್ತದೆ. ಬಂದವರು ಏನೂ ಹೇಳುವುದಿಲ್ಲ. ಕಿರುಚಿದವನ ಕೈಯನ್ನು ಹುಡುಕಿ, ಹಗ್ಗವನ್ನು ಅದರಲ್ಲಿಟ್ಟು, ಮುಷ್ಟಿ ಮಡಚುತ್ತಾರೆ. ಹತ್ತು ನಿಮಿಷದ ಮೇಲೆ ಎಲ್ಲರೂ ಡಾಂಬರು ರಸ್ತೆಗೆ ಬಂದು ಮುಟ್ಟುತ್ತಾರೆ. ಟ್ಯಾಕ್ಸಿಗಳ ಹಳದಿ ದೀಪ ಮಸುಕಾಗಿ ಕಾಣುತ್ತದೆ. ಆಗ, ಆಗ ಮಾತ್ರ, ಆ ಮನುಷ್ಯ ಬಾಯಿ ತೆರೆಯುತ್ತಾರೆ.

"ಏನ್ ಸ್ವಾಮಿ, ಇಷ್ಟು ತೆಳ್ಳಗಿನ ಕೋಟು ಹಾಕ್ಕೊಂಡು ಬರೋದಾ? ಕಿವಿ ಮುಚ್ಕೊಳ್ಳಿ ಮೊದ್ಲು. ಯಾವೂರು ನಿಮ್ದು? ಮದುವೆ ಆಗಿದ್ಯಾ? ಮನೇಲಿ ಹೇಳಿ ಬಂದಿದ್ದೀರೋ ಇಲ್ವೋ?" ಎಂದು ಶುರುವಾದ ಮಾತು ಟ್ಯಾಕ್ಸಿಯ ಬಾಗಿಲು ಮುಚ್ಚುವವರೆಗೂ ನಿಲ್ಲುವುದಿಲ್ಲ. "ಬಿಡಿ, ಅವ್ರಿಗೆ ನಿದ್ದೆ ಬಂದಿದೆ" ಎಂದು ಹೆಂಡತಿ ಹಗ್ಗ ಹಿಡಿದು ಎಳೆಯಬೇಕಾಗುತ್ತದೆ.

ಪೇಟೆಯವರು ಅವರನ್ನು ಕರೆಯುವುದು ಸುಮ್ಮನಣ್ಣ ಎಂದು. ಹಗಲು ಕಂಡವರಿಗೆ ಈ ಹೆಸರು ಯಾರೋ ಮಾಡಿದ ತಮಾಷೆ ಅನ್ನಿಸಬೇಕು, ಏಕೆಂದರೆ ಹಗಲಿನಲ್ಲಿ ಅವರ ಬಾಯಿಗೆ ಬಿಡುವೆಂಬುದೇ ಇಲ್ಲ. ಅವರ ಹೆಂಡತಿಯನ್ನು ಎಲ್ಲರೂ ಅತ್ತಿಗೆ ಎನ್ನುತ್ತಾರೆ. ಬಾರುಗಳಲ್ಲಿ ಮುರಿದ ಎತ್ತರದ ಸ್ಟೂಲುಗಳನ್ನು ರಿಪೇರಿ ಮಾಡುವುದು ಸುಮ್ಮನಣ್ಣನವರ ಕಸುಬು. ಅದೇ ಬಾರುಗಳ ಮೇಜುಬಟ್ಟೆಗಳಿಗೆ ಇಸ್ತ್ರಿ ಹಾಕುವುದು ಅತ್ತಿಗೆಯದು. ಮುಚ್ಚಿಹೋದ ದೋಣಿ ಗೋದಾಮಿನ ಮೇಲಿನ ಒಂದೇ ಕೋಣೆಯಲ್ಲಿ ಇಬ್ಬರ ಸಂಸಾರ. ಒಂದು ಮೂಲೆಯಲ್ಲಿ ಸ್ಟೂಲುಗಳು ಕಾಲು ಮೇಲೆ ಮಾಡಿ ಬಿದ್ದಿರುತ್ತವೆ, ಇನ್ನೊಂದು ಮೂಲೆಯಲ್ಲಿ ಮಡಿಸಿದ ಬಿಳಿ ಬಟ್ಟೆಗಳು. ನಡುವೆ ಉಳಿದ ಜಾಗದಲ್ಲಿ ಒಲೆ, ಹಾಸಿಗೆ ಮತ್ತು ಸುಮ್ಮನಣ್ಣನವರ ಮಾತು.

ಮಂಜಿನ ಕೆಲಸ ಕಸುಬಲ್ಲ. ಅದನ್ನು ಯಾರೂ ಅವರಿಗೆ ಹಚ್ಚಿಲ್ಲ, ಮಾಡಬೇಡಿ ಎಂದೂ ಯಾರೂ ಹೇಳಿಲ್ಲ. ಹಳೇ ಪೇಟೆಯಲ್ಲಿ ಮೂವತ್ತೊಂದು ಗಲ್ಲಿಗಳಿವೆ. ಅವುಗಳಲ್ಲಿ ಹದಿನಾಲ್ಕು ನೀರಿನವರೆಗೂ ಹೋಗುತ್ತವೆ. ಆ ಹದಿನಾಲ್ಕರಲ್ಲಿ ಒಂಬತ್ತರ ಕೊನೆಗೆ ಗೋಡೆಯೂ ಇಲ್ಲ, ಕಟ್ಟೆಯೂ ಇಲ್ಲ. ಹಿಂದಿನವರು ದೋಣಿ ಎಳೆದು ತರಲು ಹಾಸಿದ ಕಲ್ಲಿನ ಇಳಿಜಾರು ಮಾತ್ರ ಇದೆ. ಪೇಟೆಯವರು ಅದನ್ನು ಜಾರು ಎನ್ನುತ್ತಾರೆ. ಗಲ್ಲಿಯ ಕಲ್ಲುಹಾಸು ಯಾವಾಗ ಜಾರಿನ ಕಲ್ಲುಹಾಸಾಯಿತು ಎಂಬುದು ಮಂಜಿನಲ್ಲಿ ಕಾಲಿಗೆ ತಿಳಿಯುವುದಿಲ್ಲ. ಪಾಚಿ ಸಿಕ್ಕಿದ ಮೇಲೆ ತಿಳಿದು ಏನೂ ಉಪಯೋಗವಿಲ್ಲ. ಜಾರಿನ ಕೊನೆಯ ಕಲ್ಲಿನಾಚೆ ಎರಡಾಳು ಆಳ.

ವರ್ಷಕ್ಕೆ ಹೆಚ್ಚೂಕಡಿಮೆ ನೂರಾಹತ್ತು ದಿನ ಹೀಗೆ ಮಂಜು ಬೀಳುತ್ತದೆ. ಕಳೆದ ವರ್ಷ ಇಬ್ಬರೂ ಸೇರಿ ಇನ್ನೂರಾ ಆರು ಜನರನ್ನು ರಸ್ತೆಗೆ ಮುಟ್ಟಿಸಿದ್ದಾರೆ. ಈ ಲೆಕ್ಕ ಅತ್ತಿಗೆಯ ಬಾಯಿಂದ ಬಂದದ್ದು. ಸುಮ್ಮನಣ್ಣನವರನ್ನು ಕೇಳಿದರೆ "ಬಂದಷ್ಟು ಜನ" ಅನ್ನುತ್ತಾರೆ. ಒಂದು ಬೆಳಗ್ಗೆ ಬ್ಯಾಂಡಿನವರು ಹನ್ನೊಂದು ಜನ ಒಟ್ಟಿಗೆ ಸಿಕ್ಕಿದ್ದರಂತೆ. ಎಲ್ಲರೂ ಹಗ್ಗ ಹಿಡಿದು ಸಾಲಾಗಿ ಬಂದರಂತೆ, ಡೋಲಿನವನು ಮಾತ್ರ ಡೋಲು ಬಿಡಲೊಲ್ಲದೆ ಹಲ್ಲಿನಲ್ಲಿ ಹಗ್ಗ ಕಚ್ಚಿಕೊಂಡು ಬಂದನಂತೆ. ಹೇಳುವಾಗ ಇಬ್ಬರೂ ನಗುತ್ತಾರೆ.

ಎಲ್ಲರೂ ಬ್ಯಾಂಡಿನವರಷ್ಟು ಒಳ್ಳೆಯವರಲ್ಲ. "ಕೂಗಿದ್ರೆ ಉತ್ತರ ಇಲ್ಲ. ಸುಮ್ನೆ ಎರಡು ಕಾಲು ಹತ್ರ ಬರುತ್ತೆ. ಯಾರಿಗೆ ಜೀವ ಬಾಯಿಗೆ ಬರಲ್ಲ ಹೇಳಿ?" ಎನ್ನುತ್ತಾರೆ ಅತ್ತಿಗೆ. ಒಬ್ಬ ವಕೀಲರು ಬೂಟು ಬಿಚ್ಚಿ ಸುಮ್ಮನಣ್ಣನವರ ಹಣೆಗೆ ಬಾರಿಸಿದ್ದರು. ಹುಬ್ಬಿನ ಮೇಲೆ ಇವತ್ತಿಗೂ ಗುರುತಿದೆ. ಇನ್ನೊಬ್ಬರು ಟಾರ್ಚು ಕಟ್ಟಿದ ಕಾಲಿಗೇ ಬಿದ್ದು, ತಾವು ಮಾಡಿದ ತಪ್ಪುಗಳನ್ನೆಲ್ಲ ಒಂದೂ ಬಿಡದೆ ಒಪ್ಪಿಸಿಬಿಟ್ಟಿದ್ದರು. "ಅದನ್ನೆಲ್ಲ ಹೇಳಿದ್ರೆ ಎರಡು ಮನೆ ಮುರೀತವೆ" ಎಂದು ಸುಮ್ಮನಣ್ಣ ಆ ಸಂಗತಿಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ.

ಸಂಜೆ ಪೇಟೆ ನೋಡಲು ಬರುವವರನ್ನು ಕರೆದುಕೊಂಡು ಹೋಗುವ ಗೈಡ್ ಒಬ್ಬಳಿದ್ದಾಳೆ. ಕೈಯಲ್ಲಿ ಕೆಂಪು ಕೊಡೆ ಎತ್ತಿ ಹಿಡಿದು, ಯಾವ ಮನೆ ಎಷ್ಟು ಹಳೆಯದು, ಯಾವ ಬಾರಿನಲ್ಲಿ ಎಂಥ ಹಾಡು ಎಂದು ಹೇಳುತ್ತಾ ಬರುವವಳು ದೋಣಿ ಗೋದಾಮಿನ ಮುಂದೆ ದನಿ ತಗ್ಗಿಸುತ್ತಾಳೆ. "ಇಲ್ಲಿಂದ ಮುಂದೆ ಮಂಜಿನ ದಿನ ಯಾರೂ ಓಡಾಡಲ್ಲ. ತಲೆ ಇಲ್ಲ, ಮೈ ಇಲ್ಲ, ಬರೀ ಎರಡು ಕಾಲು ನಡ್ಕೊಂಡು ಬರೋದನ್ನ ನೋಡಿದವರಿದ್ದಾರೆ." ಕೇಳಿದವರು ಮೈ ಮುದುಡಿಕೊಳ್ಳುತ್ತಾರೆ. ಆ ಎರಡು ಕಾಲಿನ ಯಜಮಾನರು ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು ಸ್ಟೂಲಿಗೆ ಅಂಟು ಹಚ್ಚುತ್ತಿರುತ್ತಾರೆ. "ಹೌದು ಹೌದು, ನಾನೂ ನೋಡಿದ್ದೀನಿ, ಹಿಮ್ಮಡಿ ಒಡೆದಿತ್ತು" ಎಂದು ಸೇರಿಸುತ್ತಾರೆ. ಗೈಡ್ ಹುಡುಗಿಗೆ ಎಲ್ಲ ಗೊತ್ತು. ನಗು ತಡೆಯಲಾಗದೆ ಕೊಡೆ ಮರೆ ಮಾಡಿಕೊಂಡು ಮುಂದೆ ಹೋಗುತ್ತಾಳೆ.

ಕೂಗಿದವರಿಗೆ ಒಂದು ಮಾತು ಓಗೊಟ್ಟರೆ ಈ ಭಯವೆಲ್ಲ ಇರುವುದಿಲ್ಲವಲ್ಲ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಕೇಳಿದೊಡನೆ ಅತ್ತಿಗೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸುತ್ತಾರೆ. ಸುಮ್ಮನಣ್ಣ ಕೈಯಲ್ಲಿದ್ದ ಸುತ್ತಿಗೆಯನ್ನು ಪಕ್ಕಕ್ಕಿಟ್ಟು, ಅದನ್ನೇ ನೋಡುತ್ತಾ ಹೇಳುತ್ತಾರೆ.

"ಒಂದ್ಸಲ ಓಗೊಟ್ಟಿದ್ದೆ."

ಅದು ಹತ್ತೊಂಬತ್ತು ವರ್ಷದ ಹಿಂದಿನ ಬೆಳಗು. ಆಗ ಅವರು ಮಂಜಿನಲ್ಲಿ ಯಾರನ್ನೂ ಹುಡುಕಿಕೊಂಡು ಹೋಗುವವರಾಗಿರಲಿಲ್ಲ. ಬಾರೊಂದರಲ್ಲಿ ಮುರಿದ ಎರಡು ಸ್ಟೂಲುಗಳನ್ನು ಹೆಗಲಿಗೇರಿಸಿಕೊಂಡು, ಗೋಡೆ ತಡವಿಕೊಂಡು ಮನೆಗೆ ಬರುತ್ತಿದ್ದರು. "ಎಲ್ಲಿದ್ದೀರಿ?" ಎಂದು ಯಾರೋ ಕೇಳಿದ ದನಿ ಬಂತು. ಗಾಬರಿ ಇರಲಿಲ್ಲ ಅದರಲ್ಲಿ, ಮರ್ಯಾದಸ್ಥನ ದನಿ. ಜೊತೆಯವರಿಂದ ತಪ್ಪಿಸಿಕೊಂಡ ಒಬ್ಬ ಗುಮಾಸ್ತ. ಇವರು ನಿಂತಲ್ಲೇ ನಿಂತು, "ಇಲ್ಲೇ ಇದ್ದೀನಿ, ಬನ್ನಿ ಬನ್ನಿ" ಎಂದು ಗಟ್ಟಿಯಾಗಿ ಕೂಗಿದರು. "ಬಂದೆ" ಎಂದಿತು ದನಿ. ಇವರು ಮತ್ತೆ "ಬನ್ನಿ" ಎಂದರು. ಅದು ಮತ್ತೆ "ಬಂದೆ, ಬಂದೆ" ಎಂದಿತು.

"ಬರ್ತಾನೇ ಇದ್ದಾನೆ, ಆದ್ರೆ ಹತ್ರ ಆಗ್ತಿಲ್ಲ. ನಾನು ಇನ್ನೂ ಜೋರಾಗಿ ಬನ್ನಿ ಅಂದೆ. ಆಮೇಲೆ ಬಂದೆ ಅನ್ನೋದು ನಿಂತೋಯ್ತು. ಅಷ್ಟೇ. ನೀರು ಸದ್ದು ಕೂಡ ಮಾಡ್ಲಿಲ್ಲ."

ಈ ಗಲ್ಲಿಗಳ ಗೋಡೆ ಎತ್ತರ, ಹಾದಿ ಬಾಗಿದೆ. ಇಲ್ಲಿ ಆಡಿದ ಮಾತು ಗೋಡೆಯಿಂದ ಗೋಡೆಗೆ ಬಡಿದು ನೀರಿನ ಮೇಲೆ ಹೋಗಿ, ಅಲ್ಲಿಂದ ತಿರುಗಿ ಬರುತ್ತದೆ. ಗಲ್ಲಿಯಲ್ಲಿ ನಿಂತವರ ಮಾತು ದಾರಿ ತಪ್ಪಿದವರಿಗೆ ನೀರಿನ ಕಡೆಯಿಂದ ಕೇಳುತ್ತದೆ. ಹಳಬರಿಗೆಲ್ಲ ಇದು ಗೊತ್ತಿದ್ದದ್ದೇ. ಆದರೆ ಕೂಗಿದವರಿಗೆ ಓಗೊಡುವಾಗ ಯಾರು ಅದನ್ನೆಲ್ಲ ಯೋಚಿಸುತ್ತಾರೆ? ಮಂಜು ಕರಗಿದ ಮೇಲೆ ಆ ಗುಮಾಸ್ತ ಏಳನೇ ಗಲ್ಲಿಯ ಜಾರಿನ ಕೆಳಗೆ ಸಿಕ್ಕ. ಪೊಲೀಸರು ಸುಮ್ಮನಣ್ಣನವರ ಹೇಳಿಕೆ ಬರೆದುಕೊಂಡು, ನಿಮ್ಮ ತಪ್ಪೇನೂ ಇಲ್ಲ ಎಂದು ಬೆನ್ನು ತಟ್ಟಿ ಕಳಿಸಿದರು. ಅವರು ಮನೆಗೆ ಬಂದು ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಮಂಜು ಬಿದ್ದಾಗ ಎದ್ದು ಹೊರಗೆ ಹೋದರು. ಅವತ್ತಿನಿಂದ ಮಂಜಿನಲ್ಲಿ ಬಾಯಿಗೆ ಬೀಗ.

ಹದಿನೈದು ವರ್ಷ ಅವರೊಬ್ಬರೇ ಹೋದರು. ಹಗ್ಗ ಬಂದದ್ದು ನಾಲ್ಕು ವರ್ಷದ ಈಚೆಗೆ, ಎಡಗಿವಿ ಹೋದ ಮೇಲೆ. ಅದು ಹೋದದ್ದು ಕೂಡ ಕಸುಬಿನಿಂದಲೇ. ಕುಣಿಯುವ ಹಾಲ್ ಒಂದರಲ್ಲಿ ಆಳೆತ್ತರದ ಸ್ಪೀಕರಿಗೆ ಒರಗಿ ಕೂತು ಸ್ಟೂಲಿನ ಮೊಳೆ ಬಿಗಿಯುತ್ತಿದ್ದಾಗ, ಆಚೆ ಕೋಣೆಯಲ್ಲಿದ್ದ ಯಾರೋ ಪರೀಕ್ಷೆಗೆಂದು ಗುಂಡಿ ಒತ್ತಿದರು. ಒಂದೇ ಒಂದು ಏಟು. ಅಲ್ಲಿಗೆ ಎಡಗಿವಿಯ ಕಥೆ ಮುಗಿಯಿತು. ಒಂದು ಕಿವಿ ಹೋದರೆ ಸದ್ದು ಕೇಳುತ್ತದೆ, ಆದರೆ ಯಾವ ಕಡೆಯದೆಂದು ತಿಳಿಯುವುದಿಲ್ಲ. ಮಂಜಿನ ಕೆಲಸಕ್ಕೆ ಅದಕ್ಕಿಂತ ದೊಡ್ಡ ಕುಂದು ಬೇರೆ ಇಲ್ಲ.

"ಮನೇಲಿ ಕೂತ್ಕೊಳ್ಳಿ ಅಂದೆ. ಮಂಜು ಬಿದ್ದ ದಿನ ಕಿಟಕಿ ಹತ್ರ ನಿಂತು ನಡುಗ್ತಿದ್ರು" ಎನ್ನುತ್ತಾರೆ ಅತ್ತಿಗೆ. "ನೋಡೋಕಾಗ್ಲಿಲ್ಲ. ಸರಿ, ನನ್ನ ಕಿವಿ ತಗೊಂಡು ಹೋಗಿ ಅಂದೆ." ನೈಲಾನ್ ಹಗ್ಗ ಕಲ್ಲಿಗೆ ತಾಗಿದರೆ ಕಿರುಗುಡುತ್ತದೆ ಎಂದು ನೂಲಿನ ಹಗ್ಗ ಆರಿಸಿದ್ದು ಅತ್ತಿಗೆಯೇ. ಜಗ್ಗುವ ಲೆಕ್ಕ ಕಟ್ಟಿದ್ದೂ ಅವರೇ. ಪೇಟೆಯಲ್ಲಿ ಸುದ್ದಿಯಾದದ್ದು ಮಾತ್ರ ಸುಮ್ಮನಣ್ಣ, ಏಕೆಂದರೆ ಟಾರ್ಚಿರುವುದು ಅವರ ಕಾಲಿನಲ್ಲಿ. ಇದನ್ನು ಹೇಳಿದರೆ ಅತ್ತಿಗೆ "ಸದ್ಯ, ನನ್ನ ಹಿಮ್ಮಡಿ ಯಾರೂ ನೋಡಿಲ್ಲ" ಎಂದು ನಗೆಯಾಡಿಬಿಡುತ್ತಾರೆ.

ಇಷ್ಟೇ ಆಗಿದ್ದರೆ ಇದು ಒಳ್ಳೆಯ ಗಂಡಹೆಂಡಿರ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಸತ್ತ ಎಡಗಿವಿ ಪೂರ್ತಿ ಸುಮ್ಮನಾಗಿಲ್ಲ. ಹಗಲೆಲ್ಲ ಅದರಲ್ಲಿ ಏನೂ ಇಲ್ಲ. ಮಂಜು ಬಿದ್ದ ಬೆಳಗ್ಗೆ ಮಾತ್ರ, ಗೋದಾಮಿನ ಮೆಟ್ಟಿಲಿಳಿದು ಗಲ್ಲಿಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ, ಅದರೊಳಗೆ ಒಂದು ದನಿ ಬರುತ್ತದೆ. "ಎಲ್ಲಿದ್ದೀರಿ?" ಎನ್ನುತ್ತದೆ. ಗಾಬರಿಯಿಲ್ಲದ, ಮರ್ಯಾದೆಯ ದನಿ. ಬಲಗಿವಿಯನ್ನು ಬೆರಳಿಟ್ಟು ಮುಚ್ಚಿಕೊಂಡರೂ ಕೇಳುತ್ತದೆ. ಸತ್ತ ನರಕ್ಕೆ ಸದ್ದಿನ ಭ್ರಮೆ ಇರುತ್ತದೆ, ತಲೆಕೆಡಿಸಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಸುಮ್ಮನಣ್ಣ ತಲೆಯಾಡಿಸಿ ಬಂದಿದ್ದಾರೆ. "ಭ್ರಮೆ ಆದ್ರೆ ಗುಂಯ್ ಅನ್ಬೇಕಪ್ಪ. ಪ್ರಶ್ನೆ ಯಾಕೆ ಕೇಳುತ್ತೆ?" ಎಂದು ಆಮೇಲೆ ಹೆಂಡತಿಯ ಹತ್ತಿರ ಹೇಳಿದ್ದಾರೆ.

ಅದಕ್ಕೇ ಇಬ್ಬರೂ ಸೇರಿ ಒಂದು ಕಟ್ಟುಪಾಡು ಮಾಡಿಕೊಂಡರು. ಎಡಗಿವಿ ಏನೇ ಹೇಳಲಿ, ಅದರ ಮಾತು ಕೇಳಿ ಒಂದು ಹೆಜ್ಜೆಯನ್ನೂ ಇಡಬಾರದು. ಹಗ್ಗ ಹೇಳಿದರೆ ಮಾತ್ರ ನಡೆಯಬೇಕು. ನಾಲ್ಕು ವರ್ಷದಿಂದ ಆ ದನಿ ಕೇಳುತ್ತದೆ, ಇವರು ಹಲ್ಲು ಕಚ್ಚಿ ನಿಲ್ಲುತ್ತಾರೆ. "ಬಯ್ದಿದ್ರೆ ತಡ್ಕೋಬಹುದಿತ್ತು. ಅದು ಬಯ್ಯಲ್ಲ, ಎಲ್ಲಿದ್ದೀರಿ ಅಂತ ಕೇಳುತ್ತೆ ಅಷ್ಟೆ. ನನ್ನಿಂದ ಸತ್ತವನು ನನ್ನನ್ನ ಹುಡುಕ್ತಿದ್ದಾನೆ ಅಂದ್ರೆ ಹೇಗಿರುತ್ತೆ ಹೇಳಿ" ಎನ್ನುವಾಗ ಅವರ ಮುಖ ನೋಡಲು ಕಷ್ಟವಾಗುತ್ತದೆ.

ಕೋಟಿನ ಇಬ್ಬರನ್ನು ಟ್ಯಾಕ್ಸಿ ಹತ್ತಿಸಿದ ಆ ಬೆಳಗಿಗೇ ಮರಳೋಣ. ಗಂಟೆ ಆರು ದಾಟಿದೆ. ಎಲ್ಲೋ ಸೂರ್ಯ ಹುಟ್ಟಿರಬೇಕು; ಮಂಜು ಕಪ್ಪಿನಿಂದ ಬೂದಿಯ ಬಣ್ಣಕ್ಕೆ ತಿರುಗಿದೆ, ತೆಳುವಾಗಿಲ್ಲ. ಗಂಡಹೆಂಡಿರಿಬ್ಬರೂ ಏಳನೇ ಗಲ್ಲಿಯ ಕೂಡುಬೀದಿಗೆ ಬರುತ್ತಾರೆ. ಬಲಕ್ಕೆ ಹೋದರೆ ಮನೆ, ಎಡಕ್ಕೆ ಹೋದರೆ ಜಾರು. ಸುಮ್ಮನಣ್ಣ ನಿಂತು ಬಲಗಿವಿಯನ್ನು ಗಾಳಿಗೊಡ್ಡುತ್ತಾರೆ. ಏನೂ ಇಲ್ಲ. ಬಾರೊಂದರ ಹಿತ್ತಲಿನಲ್ಲಿ ನಲ್ಲಿ ತೊಟ್ಟಿಕ್ಕುವುದು ಬಿಟ್ಟರೆ ಪೇಟೆಗೆ ಪೇಟೆಯೇ ಉಸಿರು ಹಿಡಿದಂತಿದೆ.

ಆಗ ಎಡಗಿವಿಯಲ್ಲಿ ದನಿ ಬರುತ್ತದೆ. "ಎಲ್ಲಿದ್ದೀರಿ?"

ಅವರು ಕದಲುವುದಿಲ್ಲ. ದನಿ ಮತ್ತೆ ಕೇಳುತ್ತದೆ. ಹೀಗೆ ಮೇಲಿಂದ ಮೇಲೆ ಅದು ಯಾವತ್ತೂ ಕೇಳಿದ್ದಿಲ್ಲ. ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು. ಮೂರನೆಯ ಸಲ ಬಂದಾಗ ಅವರು ಮನೆಗೆ ಹೋಗೋಣ ಎಂದು ಬಲಕ್ಕೆ ತಿರುಗಲು ಪಾದ ಎತ್ತುತ್ತಾರೆ. ಅಷ್ಟರಲ್ಲಿ ಸೊಂಟದ ಹಗ್ಗ ಜಗ್ಗುತ್ತದೆ. ಒಂದು. ಎರಡು. ಅಲ್ಲಿಗೆ ನಿಲ್ಲುತ್ತದೆ.

ಎರಡು ಅಂದರೆ ಎಡಕ್ಕೆ. ಹೆಂಡತಿಗೆ ಏನೋ ಕೇಳಿದೆ ಎಂದರೆ ಅಲ್ಲಿ ಯಾರೋ ಇದ್ದಾರೆ. ಅವರು ಎಡಕ್ಕೆ ತಿರುಗುತ್ತಾರೆ, ಹಗ್ಗ ಹಿಂದೆಯೇ ಬರುತ್ತದೆ. ಅಂಗಾಲಿನಿಂದ ಕಲ್ಲುಗಳನ್ನು ಎಣಿಸುತ್ತಾ ಜಾರಿನ ತಲೆಗೆ ಬರುತ್ತಾರೆ. ಟಾರ್ಚಿನ ಬೆಳಕಿನ ಅಂಚಿನಲ್ಲಿ ಮೊದಲು ಕಾಣುವುದು ಒದ್ದೆ ಪಾಚಿಯ ಮೇಲೆ ಯಾರೋ ಜಾರಿದ ಉದ್ದನೆಯ ಗೀರು. ಅದರಾಚೆ, ನೀರು ಪಾದ ಮುಳುಗಿಸುವಲ್ಲಿ, ಎರಡು ಬರಿಗಾಲುಗಳು. ಹೆಂಗಸಿನ ಕಾಲುಗಳು.

ಅವಳಿಗೂ ಇವರ ಕಾಲುಗಳು ಮಾತ್ರ ಕಾಣುತ್ತಿವೆ. ಕಾಲುಗಳು ಸದ್ದಿಲ್ಲದೆ ತನ್ನತ್ತ ಬಂದು ನಿಂತದ್ದನ್ನು ನೋಡಿ ಅವಳ ಒಂದು ಪಾದ ನೀರಿನಿಂದ ಮೇಲೇಳುತ್ತದೆ, ಹಿಂದಕ್ಕೆ ಹೋಗಲು. ಅವಳ ಹಿಂದೆ ಇರುವುದು ಜಾರಿನ ಕೊನೆಯ ಕಲ್ಲು. ಆಮೇಲೆ ಕಲ್ಲಿಲ್ಲ. ಇವರು ಒಂದು ಹೆಜ್ಜೆ ಮುಂದಿಟ್ಟರೆ ಅವಳು ಒಂದು ಹೆಜ್ಜೆ ಹಿಂದಿಡುತ್ತಾಳೆ. ಮೌನವಾಗಿ ನಿಂತರೂ ಇಡುತ್ತಾಳೆ. ಬಾಯಿ ತೆರೆದು ಕರೆದರೆ ಆ ಕರೆ ನೀರಿನ ಕಡೆಯಿಂದ ಕೇಳಿಸುತ್ತದೆ, ಅದಕ್ಕೂ ಅವಳು ಅತ್ತಲೇ ತಿರುಗುತ್ತಾಳೆ. ಹತ್ತೊಂಬತ್ತು ವರ್ಷ ಇನ್ನೂರಿನ್ನೂರು ಜನರನ್ನು ದಾಟಿಸಿದ ಮನುಷ್ಯನಿಗೆ ಕೈಕಾಲು ಆಡುವುದಿಲ್ಲ.

"ಕೂತ್ಕೊಳ್ಳಮ್ಮ."

ಮಾತು ಬಾಯಿಂದ ಬಿದ್ದುಹೋಗಿದೆ. ಗೋಡೆಗೆ ಬಡಿದು, ನೀರಿಗೆ ಬಡಿದು, ನಾಲ್ಕು ಕಡೆಯಿಂದ ತಿರುಗಿ ಬರುತ್ತದೆ. ಯಾವ ಕಡೆಯಿಂದ ಬಂದರೂ ಅದು ಹೇಳುವುದು ಒಂದನ್ನೇ. "ಅಲ್ಲೇ ಕೂತ್ಕೋ ತಾಯಿ. ಎಲ್ಲಿದ್ದೀಯೋ ಅಲ್ಲೇ ಕೂತ್ಕೋ. ನಾನೇ ಬರ್ತೀನಿ." ಎತ್ತಿದ ಪಾದ ಗಾಳಿಯಲ್ಲೇ ನಿಲ್ಲುತ್ತದೆ. ನಿಧಾನವಾಗಿ ಕೆಳಗಿಳಿಯುತ್ತದೆ. ಆಮೇಲೆ ಟಾರ್ಚಿನ ಬೆಳಕಿಗೆ ಎರಡು ಮೊಣಕಾಲು ಬರುತ್ತವೆ, ಕಲ್ಲಿನ ಸಂದಿಗೆ ಬೆರಳು ಸಿಕ್ಕಿಸಿಕೊಂಡ ಎರಡು ಕೈ ಬರುತ್ತವೆ. ಅವಳು ಕೂತಿದ್ದಾಳೆ.

ಅರ್ಧ ಗಂಟೆಯ ಮೇಲೆ ಗೋದಾಮಿನ ಮೇಲಿನ ಕೋಣೆಯಲ್ಲಿ ಅವಳು ಎರಡು ಮೇಜುಬಟ್ಟೆಗಳನ್ನು ಹೊದ್ದು ಚಹಾದ ಲೋಟ ಹಿಡಿದಿದ್ದಾಳೆ. ಶಾಲೆಯೊಂದರ ಟೀಚರು, ಗೆಳತಿಯರ ಜೊತೆ ರಾತ್ರಿ ಕಳೆಯಲು ಬಂದವಳು. ಮಾತಾಡಲು ಬಾಯಿ ತೆರೆದರೆ ಬರೀ ಗಾಳಿ ಬರುತ್ತದೆ. ರಾತ್ರಿಯೆಲ್ಲ ಬ್ಯಾಂಡಿನವರಿಗೆ ಸಮನಾಗಿ ಹಾಡಿ, ಕಿರುಚಿ, ಗಂಟಲು ಪೂರ್ತಿ ಕಟ್ಟಿಹೋಗಿದೆ. ಅತ್ತಿಗೆ ಅವಳ ಬಾಯಿಯ ಹತ್ತಿರ ಕಿವಿಯಿಟ್ಟು, ಅವಳು ಪಿಸುಗುಟ್ಟಿದ್ದನ್ನು ಗಟ್ಟಿಯಾಗಿ ಹೇಳುತ್ತಾರೆ. "ಇಪ್ಪತ್ತು ನಿಮಿಷ ಅಲ್ಲೇ ನಿಂತಿದ್ಲಂತೆ. ಹತ್ತೋಕೆ ಹೋದ್ರೆ ಇನ್ನೂ ಕೆಳಗೆ ಜಾರ್ತಿದ್ಲಂತೆ. ಕಾಲು ಮರಗಟ್ಟಿತ್ತಂತೆ."

"ಸದ್ಯ, ಕೂಗಿದ್ಯಲ್ಲಮ್ಮ" ಎನ್ನುತ್ತಾರೆ ಸುಮ್ಮನಣ್ಣ.

ಟೀಚರು ತಲೆಯಲ್ಲಾಡಿಸುತ್ತಾಳೆ. ಅತ್ತಿಗೆ ಕಿವಿಯಿಡುತ್ತಾರೆ. ಇನ್ನೊಮ್ಮೆ ಕೇಳಿಸಿಕೊಂಡು ಆಮೇಲೆ ಹೇಳುತ್ತಾರೆ. "ಕೂಗ್ಲಿಲ್ವಂತೆ. ದನಿ ಎಲ್ಲಿತ್ತು ಕೂಗೋಕೆ ಅಂತಿದ್ದಾಳೆ."

"ಮತ್ತೆ ನೀನು ಏನು ಕೇಳಿ ಜಗ್ಗಿದೆ?"

"ನಾನೆಲ್ಲಿ ಜಗ್ಗಿದೆ? ನೀವೇ ಅಲ್ವಾ ಎರಡು ಸಲ ಜಗ್ಗಿದ್ದು? ಎಡಕ್ಕೆ ಹೋಗ್ತಿದ್ದಾರೆ, ಬಾ ಅಂತ ಹೇಳ್ತಿದ್ದಾರೆ ಅಂದ್ಕೊಂಡೆ."

ಮೂವರೂ ಗೂಟಕ್ಕೆ ನೇತುಹಾಕಿದ ಹಗ್ಗವನ್ನು ನೋಡುತ್ತಾರೆ. ಅತ್ತಿಗೆ ಎದ್ದು ಹೋಗಿ ಅದನ್ನು ತುದಿಯಿಂದ ತುದಿಗೆ ಮುಟ್ಟಿ ನೋಡುತ್ತಾರೆ. ಅವರ ಕಡೆಯ ತುದಿ ಒಣಗಿದೆ. ಸುಮ್ಮನಣ್ಣನವರ ಕಡೆಯದೂ ಒಣಗಿದೆ. ನಡುವಿನಲ್ಲಿ, ಐದನೆಯ ಮಾರಿನ ಹತ್ತಿರ, ಒಂದು ಗೇಣು ಉದ್ದ ಮಾತ್ರ ಹಿಂಡಿದರೆ ನೀರು ಸುರಿಯುವಷ್ಟು ಒದ್ದೆಯಾಗಿದೆ. "ನೆಲದ ಮೇಲೆ ಎಳೆದಿರ್ಬೇಕು" ಎನ್ನುತ್ತಾರೆ ಸುಮ್ಮನಣ್ಣ. "ಹೂಂ, ಇರ್ಬೇಕು" ಎಂದು ಅತ್ತಿಗೆ ಆ ಗೇಣುದ್ದವನ್ನು ಬಕೆಟ್ಟಿಗೆ ಹಿಂಡಿ, ಒಲೆಯ ಹತ್ತಿರ ಹರವುತ್ತಾರೆ. ಟೀಚರು ಲೋಟ ಕೆಳಗಿಟ್ಟು ಮೇಜುಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಳ್ಳುತ್ತಾಳೆ.

ಅವಳನ್ನು ಟ್ಯಾಕ್ಸಿಗೆ ಹತ್ತಿಸಿ ಬಂದ ಮೇಲೆ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಹಗಲಿನಲ್ಲೂ ಸುಮ್ಮನಣ್ಣ ಸುಮ್ಮನೆ ಕೂರುತ್ತಾರೆ. ಸ್ಟೂಲೊಂದನ್ನು ತೊಡೆಯ ಮೇಲಿಟ್ಟುಕೊಂಡಿದ್ದಾರೆ, ಕೆಲಸ ಮಾಡುತ್ತಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ಕಣ್ಣಲ್ಲಿ ನೀರು ಬರುತ್ತದೆ, ಅವರು ಅದನ್ನು ಮುಚ್ಚಿಡುವುದಿಲ್ಲ.

"ಒಂದೇ ಮಾತು ಕಣೇ. ಬನ್ನಿ ಅನ್ನೋ ಬದಲು ಕೂತ್ಕೊಳ್ಳಿ ಅಂದಿದ್ರೆ ಸಾಕಿತ್ತು. ಯಾವ ಕಡೆಯಿಂದ ಕೇಳಿದ್ರೂ ಅವನು ಕೂತ್ಕೊಂಡಿರ್ತಿದ್ದ. ನಾನು ಇಷ್ಟು ವರ್ಷ ಮಾತೇ ತಪ್ಪು ಅಂತ ಬಾಯಿ ಮುಚ್ಕೊಂಡು ಎಲ್ರನ್ನೂ ಹೆದರಿಸ್ಕೊಂಡು ಓಡಾಡಿದೆ."

"ಅವತ್ತು ನಿಮಗೆ ಗೊತ್ತಿರ್ಲಿಲ್ಲ" ಎನ್ನುತ್ತಾರೆ ಅತ್ತಿಗೆ.

"ಈಗ ಗೊತ್ತಾಯ್ತಲ್ಲ, ಅದೇ ಕಷ್ಟ."

ಅತ್ತಿಗೆ ಬಂದು ಪಕ್ಕದಲ್ಲಿ ಕೂತು ಅವರ ತೊಡೆಯ ಮೇಲಿದ್ದ ಸ್ಟೂಲನ್ನು ಎತ್ತಿ ಕೆಳಗಿಡುತ್ತಾರೆ.

ಅದಾದ ಮೇಲೆ ಪೇಟೆಯ ಮಂಜಿನಲ್ಲಿ ಒಂದು ಹೊಸ ಸದ್ದು ಶುರುವಾಗಿದೆ. ಯಾರಾದರೂ ಕೂಗಿದರೆ "ಅಲ್ಲೇ ಕೂತ್ಕೊಳ್ಳಿ, ನಾವೇ ಬರ್ತೀವಿ" ಎಂದು ಎಲ್ಲ ಕಡೆಯಿಂದಲೂ ಕೇಳಿಸುತ್ತದೆ. ಮೊದಲ ದಿನ ಅದು ಪೊಲೀಸರು ಗದರಿಸಿದಂತಿತ್ತು, ಅತ್ತಿಗೆ ಮನೆಯಲ್ಲಿ ಕೂರಿಸಿ ಮೆತ್ತಗೆ ಹೇಳುವುದನ್ನು ಅಭ್ಯಾಸ ಮಾಡಿಸಿದ್ದಾರೆ. ಈಗ ಹೋಗಿ ನೋಡಿದರೆ ಜನ ಗಲ್ಲಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾರಂತೆ. ಒಬ್ಬರು ನಿದ್ದೆಯೂ ಮಾಡಿಬಿಟ್ಟಿದ್ದರಂತೆ. ಬೂಟಿನೇಟು ಬಿದ್ದಿಲ್ಲ. ಗೈಡ್ ಹುಡುಗಿ ಮಾತ್ರ ತನ್ನ ಕಥೆ ಹಾಳಾಯಿತೆಂದು ಮುನಿಸಿಕೊಂಡಿದ್ದಾಳೆ.

ಎಂಟು ಮಂಜುಗಳು ಬಂದುಹೋಗಿವೆ. ಎಡಗಿವಿಯಲ್ಲಿ ಏನೂ ಕೇಳಿಲ್ಲ. ಡಾಕ್ಟರು ಒಳ್ಳೆಯದಾಯಿತು ಎಂದಿದ್ದಾರೆ. ನಾಲ್ಕು ವರ್ಷ ಆ ದನಿಗೆ ಹೆದರಿ ಹಲ್ಲು ಕಚ್ಚಿಕೊಂಡವರು ಈಗ ಏಳನೇ ಗಲ್ಲಿಯ ಕೂಡುಬೀದಿಗೆ ಬಂದರೆ ಬೇಕೆಂದೇ ನಿಧಾನ ಮಾಡುತ್ತಾರೆ, ಬಲಗಿವಿಯನ್ನು ಬೆರಳಿಂದ ಮುಚ್ಚಿಕೊಂಡು ನಿಲ್ಲುತ್ತಾರೆ. ಅತ್ತಿಗೆ ಅವಸರ ಮಾಡುವುದಿಲ್ಲ, ಹತ್ತು ಮಾರು ಹಿಂದೆ ಹಗ್ಗ ಸಡಿಲ ಬಿಟ್ಟು ಕಾಯುತ್ತಾರೆ.

ನಿಮಗೆ ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಸುಮ್ಮನಣ್ಣ ಸ್ಟೂಲಿನ ಕಾಲಿಗೆ ಅಂಟು ಹಚ್ಚುವುದನ್ನು ನಿಲ್ಲಿಸುತ್ತಾರೆ.

"ನನಗೇನು ಆಸೆ? ಅವನು ಇನ್ನೊಂದೇ ಒಂದು ಸಲ ಎಲ್ಲಿದ್ದೀರಿ ಅಂತ ಕೇಳ್ಬೇಕು. ಈ ಸಲ ಸರಿಯಾದ ಉತ್ತರ ಕೊಡ್ತೀನಿ."